ಪಿಯುಸಿ ಮುಗಿಸಿ ಹೊರಟವನ ಲೆಕ್ಕ

11,208 ಯೂರೋ. 2023ರಲ್ಲಿ ಜರ್ಮನಿಗೆ ಓದಲು ಹೋಗುವವರು ಒಂದು ವರ್ಷದ ಖರ್ಚಿಗೆ ದುಡ್ಡಿದೆ ಎಂದು ವೀಸಾಕ್ಕೆ ಮೊದಲೇ ತೋರಿಸಬೇಕಿದ್ದ ಮೊತ್ತ ಇದು. ಅಂದಿನ ದರಕ್ಕೆ ಸುಮಾರು ಹತ್ತು ಲಕ್ಷ ರೂಪಾಯಿ. ಅದನ್ನು ಬ್ಲಾಕ್ಡ್ ಅಕೌಂಟ್ ಎಂಬ ಖಾತೆಗೆ ಕಟ್ಟಬೇಕು. ಅಲ್ಲಿಗೆ ಹೋಗಿ ಇಳಿದ ಮೇಲೆ ತಿಂಗಳಿಗೆ 934 ಯೂರೋದಂತೆ ಕೈಗೆ ಬರುತ್ತಿತ್ತು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904ಕ್ಕೆ ಏರಿತು.

ನಮ್ಮದು ತಿಪಟೂರು ತಾಲ್ಲೂಕು, ತೆಂಗಿನ ತೋಟ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇತ್ತು. ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಹರಾಜಾಗುತ್ತಿತ್ತು. ರೈತರು ಧರಣಿ ಕೂತಿದ್ದ ವರ್ಷ ಅದು. ಅಂಥ ವರ್ಷದಲ್ಲಿ ಅಪ್ಪ ಬೆಲೆ ಏರಲಿ ಎಂದು ಕಾಯದೆ, ಅಟ್ಟದ ಮೇಲಿದ್ದ ಕಾಯನ್ನೆಲ್ಲ ಇಳಿಸಿ, ಸುಲಿಸಿ, ಮಾರಿದರು. ಸಾಲದ್ದಕ್ಕೆ ಬ್ಯಾಂಕಿನಲ್ಲಿ ಶಿಕ್ಷಣ ಸಾಲ. ಸಹಿ ಹಾಕುವ ದಿನ ಅಪ್ಪ ಕೇಳಿದ್ದು ಇಷ್ಟೇ: “ಅಷ್ಟು ದೂರ ಯಾಕೆ ಮಗಾ? ಬೆಂಗಳೂರಲ್ಲಿ ಕಾಲೇಜಿಲ್ವಾ?”

ಬಾಡೆನ್-ವುರ್ಟೆಂಬರ್ಗ್ ರಾಜ್ಯದಂಥ ಕೆಲವು ಕಡೆ ಬಿಟ್ಟರೆ ಅಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ ಅಂದೆ. ನಿಜ. ಬೆಂಗಳೂರಲ್ಲಿ ಮ್ಯಾನೇಜ್‌ಮೆಂಟ್ ಸೀಟಿಗೆ ನಾಲ್ಕು ವರ್ಷ ಕಟ್ಟುವುದಕ್ಕಿಂತ ಇದೇ ವಾಸಿ ಅಂದೆ. ಅದೂ ನಿಜ. ಮೂರನೆಯ ಕಾರಣ ಹೇಳಲಿಲ್ಲ. ನಾನು ಗೇ. ಏಳನೇ ಕ್ಲಾಸಿನಿಂದಲೂ ನನಗೆ ಗೊತ್ತಿತ್ತು, ನನ್ನನ್ನು ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ.

ಅಪ್ಪನ ದುಡ್ಡಲ್ಲಿ ಹೋಗಿ ಅಪ್ಪನಿಗೇ ನಿಜ ಹೇಳದಿರುವುದು ಮೋಸವಲ್ಲವೇ ಎಂದು ಕೇಳುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಹದಿನೆಂಟರ ಹುಡುಗನ ಊಟ, ಫೀಸು, ಫೋನಿನ ರೀಚಾರ್ಜು, ಮಲಗುವ ಚಾಪೆ ಎಲ್ಲವೂ ಮನೆಯವರ ಕೈಯಲ್ಲಿರುವಾಗ, ನಿಜ ಹೇಳುವುದಕ್ಕೆ ಎದೆಗಾರಿಕೆಯೊಂದೇ ಸಾಲದು. ಹೇಳಿದ ಮಾರನೇ ದಿನ ಎಲ್ಲಿರುತ್ತೇನೆ ಎಂಬುದಕ್ಕೆ ಉತ್ತರ ಇರಬೇಕು. ನನ್ನ ಜೊತೆ ಪಿಯು ಓದುತ್ತಿದ್ದ ಒಬ್ಬನ ಫೋನು ರಜೆಯಲ್ಲಿ ಅವನ ಚಿಕ್ಕಪ್ಪನ ಕೈಗೆ ಸಿಕ್ಕಿತು. ಆಮೇಲೆ ಅವನನ್ನು ಕಾಲೇಜಿಗೆ ಕಳಿಸಲೇ ಇಲ್ಲ. ಸೆಕೆಂಡ್ ಪಿಯು ಹಾಲ್ ಟಿಕೆಟ್ ಆಫೀಸಿನಲ್ಲೇ ಉಳಿಯಿತು. ಮೊದಲು ದೇವಸ್ಥಾನ, ಆಮೇಲೆ ‘ಸರಿ ಮಾಡುತ್ತೇನೆ’ ಅಂದ ಒಬ್ಬ ಡಾಕ್ಟರು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗಾಸಕ್ತಿಯನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ಅವನನ್ನು ಆ ಡಾಕ್ಟರ ಮುಂದೆ ಕೂರಿಸಿದ ಕೆಲವೇ ತಿಂಗಳಿಗೆ, 2022ರ ಆಗಸ್ಟ್‌ನಲ್ಲಿ, ಇಂಥ ‘ಪರಿವರ್ತನೆ ಚಿಕಿತ್ಸೆ’ ಕೊಡುವುದು ವೈದ್ಯರ ಮಟ್ಟಿಗೆ ವೃತ್ತಿಪರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಸಾರಿತು. ಮದ್ರಾಸ್ ಹೈಕೋರ್ಟ್ ಬೆನ್ನು ಬಿದ್ದು ಮಾಡಿಸಿದ ಕೆಲಸ ಅದು. ನನ್ನ ಗೆಳೆಯನಿಗೆ ತಡವಾಗಿತ್ತು.

ಅವನಿಗಾದದ್ದನ್ನು ಕಣ್ಣಾರೆ ಕಂಡವನು ನಾನು. ಆದ್ದರಿಂದ ಮೌನವಾಗಿದ್ದುಕೊಂಡು ಮಾರ್ಕ್ಸ್ ತೆಗೆದೆ.

ನಮ್ಮದು ರೆಸಿಡೆನ್ಶಿಯಲ್ ಕಾಲೇಜು. ಬೆಳಿಗ್ಗೆ ಐದಕ್ಕೆ ಗಂಟೆ, ರಾತ್ರಿ ಹನ್ನೊಂದರವರೆಗೆ ಸ್ಟಡಿ ಅವರ್ಸ್. ಅಲ್ಲಿ ಒಬ್ಬ ಹುಡುಗನನ್ನು ಹಾಳು ಮಾಡಲು ‘ಹೆಣ್ಣಿಗ’ ಅಂದರೆ ಸಾಕಿತ್ತು, ‘ಚಕ್ಕಾ’ ಅಂದರೆ ಮುಗಿದೇ ಹೋಯಿತು. ಒಬ್ಬ ಉಪನ್ಯಾಸಕರು ಬೋರ್ಡಿನ ಮುಂದೆ ಕೈ ಬಳುಕಿಸಿ ನಡೆದು ತೋರಿಸುತ್ತಿದ್ದರು. ಇಡೀ ಕ್ಲಾಸು ನಗುತ್ತಿತ್ತು, ನಾನೂ ನಗುತ್ತಿದ್ದೆ. ಮಾತಾಡುವಾಗ ಕೈ ಆಡಬಾರದೆಂದು ಪ್ಯಾಂಟಿನ ಜೇಬಲ್ಲಿ ಇಟ್ಟುಕೊಳ್ಳುವುದು ಅಭ್ಯಾಸವಾಯಿತು. ಜೇಬಿನ ಒಳಬಟ್ಟೆ ಹರಿದು, ಅಮ್ಮ ಪ್ರತಿ ರಜೆಯಲ್ಲೂ ಹೊಲಿಯುತ್ತಿದ್ದಳು. “ಅದೇನು ತುಂಬ್ಕೋತೀಯೋ ಇದ್ರಲ್ಲಿ?” ಅಂತ ಬೈಯುತ್ತಿದ್ದಳು. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದ ಕಾಯಿ ಒಳಗೊಳಗೇ ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಟಗಟ ಅನ್ನುತ್ತದಲ್ಲ, ಹಾಗೆ ಆ ಎರಡು ವರ್ಷದಲ್ಲಿ ನಾನು ನನ್ನ ಮೈಯಿಂದಲೇ ಬೇರೆಯಾಗಿದ್ದೆ.

ಹೈಸ್ಕೂಲಿನಲ್ಲಿದ್ದಾಗ ಸುಪ್ರೀಂ ಕೋರ್ಟ್ ತೀರ್ಪು ಬಂದಿತ್ತು. 2018ರ ಸೆಪ್ಟೆಂಬರ್ 6. ಬ್ರಿಟಿಷರು 1860ರಲ್ಲಿ ಬರೆದಿಟ್ಟ ದಂಡಸಂಹಿತೆಯ 377ನೇ ಕಲಂ, ವಯಸ್ಕರು ಪರಸ್ಪರ ಒಪ್ಪಿ ಕೂಡುವುದಕ್ಕೆ ಅನ್ವಯಿಸುವುದಿಲ್ಲ ಎಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ನಮ್ಮ ಮನೆಯಲ್ಲಿ ಟೀವಿ ನ್ಯೂಸ್ ಓಡುತ್ತಿತ್ತು. ಕಾಮನಬಿಲ್ಲಿನ ಬಾವುಟ ಹಿಡಿದು ಅಳುತ್ತಿದ್ದವರನ್ನು ತೋರಿಸಿದಾಗ ಅಪ್ಪ ಏನೂ ಅನ್ನದೆ ಚಾನೆಲ್ ಬದಲಾಯಿಸಿದರು. ಆ ತೀರ್ಪಿನ ಒಂದು ಮಾತನ್ನು ನಾನು ಆಮೇಲೆ ಹಾಸ್ಟೆಲಿನಲ್ಲಿ ಹೊದಿಕೆಯೊಳಗೆ ಓದಿದೆ. ಇಷ್ಟು ಕಾಲ ತಡವಾದದ್ದಕ್ಕೆ ಇತಿಹಾಸವು ಈ ಸಮುದಾಯದವರ ಮತ್ತು ಅವರ ಕುಟುಂಬದವರ ಕ್ಷಮೆ ಕೇಳಬೇಕು ಎಂಬರ್ಥದಲ್ಲಿ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದಿದ್ದಾರೆ. ಕುಟುಂಬದವರ ಕ್ಷಮೆಯನ್ನೂ! ಚಾನೆಲ್ ಬದಲಾಯಿಸಿದ ನಮ್ಮಪ್ಪನೂ ಆ ಲೆಕ್ಕಕ್ಕೆ ಸೇರುತ್ತಾರೆ ಎಂದು ನನಗೆ ಆಗ ಹೊಳೆದಿರಲಿಲ್ಲ. ಈಗ ಆಗಾಗ ನೆನಪಾಗುತ್ತದೆ.

ಜರ್ಮನಿ ದಾರಿ ಪಿಯುಸಿ ಆದವರಿಗೆ ನೇರವಾಗಿಲ್ಲ. ನಮ್ಮ ಹನ್ನೆರಡನೆಯ ತರಗತಿಯೊಂದನ್ನೇ ನೋಡಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಸ್ಟೂಡಿಯನ್‌ಕೊಲೆಗ್ ಎಂಬ ಒಂದು ವರ್ಷದ ಪೂರ್ವಸಿದ್ಧತಾ ಕಾಲೇಜಿಗೆ ಪ್ರವೇಶ ಪರೀಕ್ಷೆ ಬರೆದು ಸೇರಿ, ಕೊನೆಯ ಪರೀಕ್ಷೆ ಪಾಸಾದರೆ ಮುಂದಿನ ಬಾಗಿಲು. ಪ್ರವೇಶ ಪರೀಕ್ಷೆಗೇ ಜರ್ಮನ್ ಚೆನ್ನಾಗಿ ಬರಬೇಕು. ಅಲ್ಲದೆ 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳು ಎಪಿಎಸ್ ಎಂಬ ಪ್ರಮಾಣಪತ್ರ ತರಲೇಬೇಕು; ನಮ್ಮ ಮಾರ್ಕ್ಸ್ ಕಾರ್ಡ್ ಅಸಲಿ ಎಂದು ಪರಿಶೀಲಿಸಿ ಕೊಡುವ ಕಾಗದ ಅದು, ಆಗ ಶುಲ್ಕ 18,000 ರೂಪಾಯಿ. ಹೀಗಾಗಿ ನಾನು ಒಂದು ವರ್ಷ ಬೆಂಗಳೂರಿನ ಪಿಜಿಯಲ್ಲಿದ್ದು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತೆ.

ಆ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನ ಪ್ರೈಡ್‌ಗೆ, ಅಂದರೆ ನಮ್ಮಂಥವರು ಬೀದಿಗೆ ಬಂದು ನಡೆಸುವ ಮೆರವಣಿಗೆಗೆ, ಹೋದೆ. ಕೋವಿಡ್ ಕಾಲದ ಮಾಸ್ಕು ಇನ್ನೂ ಬ್ಯಾಗಿನಲ್ಲಿತ್ತು, ಮೂಗಿನ ಮೇಲಿನವರೆಗೂ ಎಳೆದುಕೊಂಡು ಫುಟ್‌ಪಾತಿನಲ್ಲೇ ನಡೆದೆ. ಅಲ್ಲಿ ಗಟ್ಟಿ ಕನ್ನಡದಲ್ಲಿ ಘೋಷಣೆ ಕೂಗುತ್ತಿದ್ದವರಲ್ಲಿ ಹೆಚ್ಚಿನವರು ಟ್ರಾನ್ಸ್ ಹೆಂಗಸರು. ಬೀದಿಯಲ್ಲಿ ಪೊಲೀಸರ ಲಾಠಿ ತಿಂದು, ಮನೆಯಿಂದ ಹೊರಬಿದ್ದು, ಇಲ್ಲೇ ಇದ್ದುಕೊಂಡು ಕಟ್ಟಿದವರು ಅವರು. ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಟ್ರಾನ್ಸ್ ಹಕ್ಕುಗಳ ಹೋರಾಟಗಾರ್ತಿ ಅಕ್ಕಯ್ ಪದ್ಮಶಾಲಿ ಕನ್ನಡದಲ್ಲೇ ವೇದಿಕೆ ಮೇಲೆ ನಿಂತು ತಮ್ಮ ಬದುಕನ್ನು ಹೇಳುತ್ತಾರೆ. ನನ್ನಂಥವನಿಗೆ ಹೊರದೇಶವೇ ಗತಿ ಎಂದು ನಾನು ಎಲ್ಲೂ ಬರೆಯಲಾರೆ. ಅವರ ಮುಂದೆ ಆ ಮಾತು ನಿಲ್ಲುವುದಿಲ್ಲ. ಆದರೆ ಎಲ್ಲರೂ ಅಷ್ಟು ಬೆಲೆ ತೆತ್ತೇ ಬದುಕಬೇಕು ಎನ್ನುವುದನ್ನೂ ನಾನು ಒಪ್ಪುವುದಿಲ್ಲ.

2023ರ ಸೆಪ್ಟೆಂಬರ್ ಕೊನೆಗೆ ಲೈಪ್ಜಿಗ್‌ಗೆ ಬಂದಿಳಿದೆ. ವಿದ್ಯಾರ್ಥಿ ನಿಲಯದಲ್ಲಿ ಒಂದು ಕೋಣೆ, ಬಾಡಿಗೆ ಮುನ್ನೂರು ಯೂರೋ ಆಸುಪಾಸು. ನಿಲಯದ ಕಚೇರಿಯಾಕೆ ಬೀಗದ ಕೈ ಕೊಟ್ಟು ಸಹಿ ಹಾಕಿಸಿಕೊಂಡರು. ಬಾಗಿಲು ಹಾಕಿ ಒಳಗಿಂದ ಬೀಗ ತಿರುಗಿಸಿದೆ. ಹುಟ್ಟಿದಾಗಿನಿಂದ ನನಗೊಂದು ಬೀಗ ಹಾಕುವ ಬಾಗಿಲು ಇದ್ದದ್ದಿಲ್ಲ. ಮನೆಯಲ್ಲಿ ಎಲ್ಲರೂ ನಡುಮನೆಯಲ್ಲೇ ಮಲಗುವುದು, ಹಾಸ್ಟೆಲಿನಲ್ಲಿ ಆರು ಜನ, ಪಿಜಿಯಲ್ಲಿ ಮೂವರು. ಆ ರಾತ್ರಿ ಫೋನನ್ನು ಪಾಸ್‌ವರ್ಡ್ ಇಲ್ಲದೆ ಮೇಜಿನ ಮೇಲಿಟ್ಟು ಮಲಗಿದೆ.

ಬಂದು ತಿಂಗಳಾಗಿರಲಿಲ್ಲ, ಅಕ್ಟೋಬರ್ 17ಕ್ಕೆ ಸಲಿಂಗಿಗಳ ಮದುವೆಯ ತೀರ್ಪು ಬಂತು. ಸುಪ್ರೀಂ ಕೋರ್ಟಿನ ನೇರಪ್ರಸಾರ ಇಲ್ಲಿಯ ಬೆಳಗಿನ ಹೊತ್ತು. ಎಲ್ಲರೂ ಬಳಸುವ ಅಡುಗೆಮನೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತು ಕೇಳಿದೆ. ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ಇದನ್ನು ಸಂಸತ್ತು ನೋಡಿಕೊಳ್ಳಬೇಕು ಎಂದರು. ಪಕ್ಕದ ಕೋಣೆಯ ವಿಯೆಟ್ನಾಮಿನ ಹುಡುಗಿ ಅನ್ನ ಬಸಿಯುತ್ತಿದ್ದಳು. ನನ್ನ ಮುಖ ನೋಡಿ ಊರಲ್ಲಿ ಯಾರಿಗಾದರೂ ಹುಷಾರಿಲ್ಲವಾ ಎಂದು ಕೇಳಿದಳು. ನಾನು ಮುರುಕು ಜರ್ಮನ್‌ನಲ್ಲಿ ವಿಷಯ ಹೇಳಿದೆ. ನಾನು ಗೇ ಎಂದು ಬಾಯಿಬಿಟ್ಟು ಒಬ್ಬ ಮನುಷ್ಯರಿಗೆ ಹೇಳಿದ್ದು ಅದೇ ಮೊದಲು. ಆಕೆ ಒಲೆ ಆರಿಸಿ, ಎದುರಿಗೆ ಕೂತು, ಅನ್ನ ತಣ್ಣಗಾಗುವವರೆಗೂ ಕೇಳಿದಳು.

ಇಲ್ಲಿ ಸ್ವರ್ಗ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಜರ್ಮನಿಯ ಸಂಸತ್ತು ಸಲಿಂಗಿಗಳ ಮದುವೆಗೆ 393-226 ಮತಗಳಿಂದ ಒಪ್ಪಿಗೆ ಕೊಟ್ಟದ್ದು 2017ರ ಜೂನ್ 30ರಂದು. ನಾನು ಹೈಸ್ಕೂಲು ಮೆಟ್ಟಿಲು ಹತ್ತುವ ಕಾಲದ್ದು, ತೀರಾ ಇತ್ತೀಚಿನದು. ನಮ್ಮ 377ರಂತೆ ಇವರದು 175ನೇ ಕಲಂ. ಅದು ಪೂರ್ತಿ ಅಳಿದದ್ದು 1994ರಲ್ಲಿ. ನಾತ್ಸಿಗಳು 1935ರಲ್ಲಿ ಅದನ್ನು ಇನ್ನೂ ಕಠಿಣ ಮಾಡಿದರು, ಸಾವಿರಾರು ಗಂಡಸರನ್ನು ಗುಲಾಬಿ ತ್ರಿಕೋನ ಹೊಲಿದ ಬಟ್ಟೆ ತೊಡಿಸಿ ಕ್ಯಾಂಪುಗಳಿಗೆ ನೂಕಿದರು. ಯುದ್ಧ ಮುಗಿದ ಮೇಲೂ ಪಶ್ಚಿಮ ಜರ್ಮನಿ ಅದೇ ಕಠಿಣ ಕಲಮನ್ನು 1969ರವರೆಗೆ ಇಟ್ಟುಕೊಂಡಿತ್ತು, ಸುಮಾರು 50,000 ಜನರಿಗೆ ಶಿಕ್ಷೆಯಾಯಿತು. ಬರ್ಲಿನ್‌ನಲ್ಲಿ ಮಾಗ್ನುಸ್ ಹಿರ್ಶ್‌ಫೆಲ್ಡ್ ಎಂಬ ವೈದ್ಯರು 1919ರಲ್ಲಿ ಲೈಂಗಿಕ ವಿಜ್ಞಾನದ ಸಂಸ್ಥೆಯೊಂದನ್ನು ಕಟ್ಟಿದ್ದರು. 1931ರಲ್ಲಿ ನಮ್ಮ ದೇಶಕ್ಕೂ ಬಂದು ಹೋಗಿದ್ದವರು. 1933ರ ಮೇ ತಿಂಗಳಲ್ಲಿ ಆ ಸಂಸ್ಥೆಯನ್ನು ಲೂಟಿ ಮಾಡಿ ಅದರ ಪುಸ್ತಕಗಳನ್ನು ನಗರದ ಚೌಕವೊಂದರಲ್ಲಿ ಸುಟ್ಟರು. ಹಿರ್ಶ್‌ಫೆಲ್ಡ್ ತಾಯ್ನಾಡಿಗೆ ಮರಳಲಾಗದೆ ಫ್ರಾನ್ಸ್‌ನ ನೀಸ್‌ನಲ್ಲಿ 1935ರಲ್ಲಿ ತೀರಿಕೊಂಡರು. ಪುಸ್ತಕ ಸುಟ್ಟ ಆ ಚೌಕದಲ್ಲಿ ಈಗ ನೆಲದಡಿ ಖಾಲಿ ಕಪಾಟುಗಳ ಸ್ಮಾರಕವಿದೆ, ಗಾಜಿನ ಮೇಲೆ ನಿಂತು ಕೆಳಗೆ ನೋಡಬೇಕು. ನಾನು ಹೋದ ದಿನ ಮಳೆ ಬಂದು ಗಾಜು ಮಬ್ಬಾಗಿತ್ತು. ಒಬ್ಬ ತಾತ ಛತ್ರಿಯ ತುದಿಯಿಂದ ನೀರು ಸರಿಸಿ ನನಗೆ ನೋಡಲು ಜಾಗ ಮಾಡಿಕೊಟ್ಟರು.

ಹಾಗೆ ನೋಡಿದರೆ ಈ ದೇಶ ಬದಲಾದದ್ದು ಒಬ್ಬ ಮನುಷ್ಯನ ಆಯುಷ್ಯದೊಳಗೆ. ಇಲ್ಲಿ ಹಿರಿಯರ ಕೂಟವೊಂದರಲ್ಲಿ ಭೇಟಿಯಾದ ಎಪ್ಪತ್ತು ದಾಟಿದವರೊಬ್ಬರು, ತಮ್ಮ ಹಳ್ಳಿಯಲ್ಲಿ ತಂದೆ ಸಾಯುವವರೆಗೂ ತಮ್ಮ ಸಂಗಾತಿಯನ್ನು ‘ಬಾಡಿಗೆಗಿರುವ ಸ್ನೇಹಿತ’ ಎಂದೇ ಹೇಳುತ್ತಿದ್ದೆ ಎಂದರು. ಅವರ ಊರಿಗೂ ನಮ್ಮೂರಿಗೂ ನಾನು ಅಂದುಕೊಂಡಷ್ಟು ದೂರವಿಲ್ಲ ಎಂದು ಅವತ್ತು ಅನಿಸಿತು.

ಬದಲಾದದ್ದು ಹಿಂದಕ್ಕೂ ಹೋಗಬಹುದು. 2024ರ ಆಗಸ್ಟ್‌ನಲ್ಲಿ ಲೈಪ್ಜಿಗ್ ಇರುವ ರಾಜ್ಯದ್ದೇ ಆದ ಬೌಟ್ಸೆನ್ ಊರಿನ ಪ್ರೈಡ್ ವಿರುದ್ಧ ನೂರಾರು ನವನಾತ್ಸಿಗಳು ಬೀದಿಗಿಳಿದರು. ಮುಂದಿನ ವಾರ ಲೈಪ್ಜಿಗ್‌ನ ಸರದಿ. ಅವರನ್ನು ಪೊಲೀಸರು ಮುಖ್ಯ ರೈಲು ನಿಲ್ದಾಣದಲ್ಲೇ ತಡೆದು ನಿಲ್ಲಿಸಿದರು. ನಾನು ಅವತ್ತು ಮೆರವಣಿಗೆಯಲ್ಲಿದ್ದೆ, ಮಾಸ್ಕ್ ಇರಲಿಲ್ಲ. ಬಿಳಿಯ ಗೆಳೆಯರು ಬಾವುಟ ಮಡಚಿ ಬ್ಯಾಗಿಗೆ ಹಾಕಿಕೊಂಡರೆ ಟ್ರ್ಯಾಮಿನಲ್ಲಿ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನನ್ನ ಚರ್ಮವನ್ನು ನಾನು ಮಡಚುವುದೆಲ್ಲಿ? ಅವತ್ತು ಮೂವರು ನನ್ನನ್ನು ಕೋಣೆಯ ಬಾಗಿಲವರೆಗೆ ಬಿಟ್ಟು ಹೋದರು. ಇನ್ನು ಡೇಟಿಂಗ್ ಆ್ಯಪುಗಳಲ್ಲಿ ‘ಏಷ್ಯಾದವರು ಬೇಡ’ ಎಂದು ಬರೆದುಕೊಂಡವರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಬರುವ ಹುಡುಗರಿಗೆ ಮೊದಲೇ ಗೊತ್ತಿದ್ದರೆ ಎದೆಗೆ ಅಷ್ಟು ನಾಟುವುದಿಲ್ಲ ಅಂತ ಹೇಳಿದೆ, ಅಷ್ಟೆ.

ನನಗೆ ನಿಜಕ್ಕೂ ಕಷ್ಟವಾದದ್ದು ಬೇರೆ. ಜರ್ಮನ್‌ನಲ್ಲಿ, ಇಂಗ್ಲಿಷಿನಲ್ಲಿ ನಾನು ಬಿಚ್ಚಿಕೊಂಡಿದ್ದೆ. ಕನ್ನಡದವರ ನಡುವೆ ಕೂತ ಕೂಡಲೇ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಬಂದ ಹೊಸತರಲ್ಲಿ ಊಟದ ಆಸೆಗೆ, ಮಾತಿನ ಆಸೆಗೆ, ರೈಲು ಹತ್ತಿ ಬೇರೆ ಊರಿನ ರಾಜ್ಯೋತ್ಸವಕ್ಕೆ ಹೋದೆ. ಸಮುದಾಯ ಭವನವೊಂದರಲ್ಲಿ ಭುವನೇಶ್ವರಿಯ ಚಿತ್ರ, ಅರಿಸಿನ ಕುಂಕುಮದ ಬಾವುಟ, ಉದ್ದನೆ ಮೇಜಿನ ಮೇಲೆ ಬಿಸಿಬೇಳೆಬಾತು, ಮೊಸರನ್ನ, ಯಾರೋ ಪುಣ್ಯಾತ್ಗಿತ್ತಿ ಮಾಡಿ ತಂದಿದ್ದ ಹೋಳಿಗೆ. ಎಷ್ಟು ವಾರಗಳ ಮೇಲೆ ಕಿವಿತುಂಬ ಕನ್ನಡ! ಹತ್ತು ನಿಮಿಷದಲ್ಲಿ ಒಬ್ಬರು ಕೇಳಿದರು, “ಯಾವೂರಪ್ಪಾ?” ತಿಪಟೂರು ಅಂದೆ. “ಹೌದಾ! ನಮ್ ಭಾವಮೈದನ ಮನೆ ಅಲ್ಲೇ. ಯಾರ ಮಗ?” ಈ ಪ್ರಶ್ನೆಗೆ ಊರಲ್ಲಿ ಹೆದರುತ್ತಿರಲಿಲ್ಲ. ಅಲ್ಲಿ ಹೆದರಿದೆ. ಅಪ್ಪನ ಹೆಸರು ಹೇಳಿದ ಸಂಜೆಯೇ ನಮ್ಮ ಮನೆಗೆ ಫೋಟೋ ಹೋಗಿತ್ತು. “ಜರ್ಮನೀಲೂ ನಮ್ಮೋರು ಸಿಕ್ರಂತಲ್ಲೋ!” ಅಂತ ಅಮ್ಮ ಹಿಗ್ಗಿದಳು.

ಅವರಲ್ಲಿ ಒಬ್ಬರೂ ಕೆಟ್ಟವರಲ್ಲ. ಡಬ್ಬಿ ತುಂಬ ಚಟ್ನಿಪುಡಿ ಕಟ್ಟಿಕೊಟ್ಟವರು, ಚಳಿಗೆ ಜಾಕೆಟ್ ಎಲ್ಲಿ ಅಗ್ಗ ಎಂದು ಹೇಳಿದವರು, ಜ್ವರ ಬಂದಾಗ ಫೋನ್ ಮಾಡಿ ವಿಚಾರಿಸಿದವರು. ಹಾಗಿದ್ದೂ, “ಬಿಳಿ ಹುಡುಗೀನ ಕಟ್ಕೊಂಡು ಅಪ್ಪ-ಅಮ್ಮನ ಹೊಟ್ಟೆ ಉರಿಸ್ಬೇಡಪ್ಪಾ” ಎಂದು ಒಬ್ಬರು ನಗುತ್ತ ಅಂದಾಗ, ಸುತ್ತ ಕೂತವರೆಲ್ಲ ನಕ್ಕಾಗ, ಆ ಸಾಲು ಕುರ್ಚಿಗಳಲ್ಲಿ ನನಗೊಂದು ಕುರ್ಚಿ ಇದ್ದೂ ಇರಲಿಲ್ಲ. ಸಾವಿರಾರು ಮೈಲಿ ಬಂದರೂ ಊರು ಆರು ಮೇಜಿನ ಅಗಲದಲ್ಲಿ ಎದುರಿಗೇ ಕೂತಿತ್ತು.

ಆಮೇಲೆ ವರ್ಷದ ಮೇಲೆ, ಇನ್ನೊಂದು ಯುಗಾದಿ ಕೂಟದಲ್ಲಿ ಧಾರವಾಡದ ಕಡೆಯ ಒಬ್ಬರು ಅಕ್ಕ ಪಾತ್ರೆ ತೊಳೆಯುತ್ತಿದ್ದರು, ನಾನು ಒರೆಸುತ್ತಿದ್ದೆ. ಅವರು ತಲೆ ಎತ್ತದೆ ಅಂದರು: “ಮುಂದಿನ ಸಲ ಯಾರನ್ನರ ಕರಕೊಂಡು ಬಾರಪಾ.” ಒಂದು ತಟ್ಟೆ ತೊಳೆದು ನನ್ನ ಕೈಗೆ ಕೊಟ್ಟು, ಮತ್ತೆ ಅಂದರು: “ಯಾರನ್ನರ.” ಅವರಿಗೆ ಹೇಗೆ ಗೊತ್ತಾಯಿತೋ ಗೊತ್ತಿಲ್ಲ, ನಾನೂ ಕೇಳಲಿಲ್ಲ. ಅವತ್ತಿನ ಮಟ್ಟಿಗೆ ಅಷ್ಟು ಕನ್ನಡ ನನಗೆ ಸಾಕಾಗಿತ್ತು.

ಸ್ಟೂಡಿಯನ್‌ಕೊಲೆಗ್ ಮುಗಿಸಿ ವಿಶ್ವವಿದ್ಯಾಲಯ ಸೇರಿದ ಮೇಲೆ ಕೆಲಸಕ್ಕೆ ಹೊಕ್ಕೆ. ಲೈಪ್ಜಿಗ್-ಹಾಲೆ ವಿಮಾನ ನಿಲ್ದಾಣ ಸರಕು ಸಾಗಣೆಗೆ ದೊಡ್ಡ ಕೇಂದ್ರ. ರಾತ್ರಿ ಪಾಳಿಯಲ್ಲಿ ಪಾರ್ಸಲ್ ವಿಂಗಡಿಸಲು ವಿದ್ಯಾರ್ಥಿಗಳು ಸಾಲುಗಟ್ಟಿ ಹೋಗುತ್ತಾರೆ. ಹೊರದೇಶದ ವಿದ್ಯಾರ್ಥಿ ವರ್ಷಕ್ಕೆ 140 ಪೂರ್ಣ ದಿನ ದುಡಿಯಬಹುದು, 2025ರಲ್ಲಿ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ. ಬೆಳಗಿನ ಜಾವ ಬಸ್ಸಿನಲ್ಲಿ ಸೊಂಟ ಹಿಡಿದುಕೊಂಡು ಬರುತ್ತಿದ್ದೆ. ಮೊದಲ ಸಂಬಳ ಖಾತೆಗೆ ಬಿದ್ದ ದಿನ ನನ್ನೊಳಗೆ ಏನೋ ಸಡಿಲವಾಯಿತು. ನನ್ನ ನಾಳಿನ ಊಟ ಇನ್ನು ಯಾರ ಒಪ್ಪಿಗೆಯ ಮೇಲೂ ನಿಂತಿಲ್ಲ. ಕಾನೂನು ಕೊಟ್ಟದ್ದಕ್ಕಿಂತ, ಮೆರವಣಿಗೆ ಕೊಟ್ಟದ್ದಕ್ಕಿಂತ ದೊಡ್ಡ ಬಲವನ್ನು ನನಗೆ ಆ ರಾತ್ರಿ ಪಾಳಿ ಕೊಟ್ಟಿತು. ಈ ಇಡೀ ಬರಹ ಬರೆಯುತ್ತಿರುವುದು ಈ ಒಂದು ಮಾತಿಗಾಗಿ. ಊರು ಬಿಟ್ಟು ಹೋಗಬೇಕೆಂದಿರುವ ತಮ್ಮಂದಿರು, ತಂಗಿಯರು ಮೊದಲು ನೋಡಬೇಕಾದದ್ದು ಆ ದೇಶದ ಪ್ರೈಡ್ ಫೋಟೋಗಳನ್ನಲ್ಲ. ಅಲ್ಲಿ ನೀವು ಎಷ್ಟು ಬೇಗ ನಿಮ್ಮ ಬಾಡಿಗೆ ನೀವೇ ಕಟ್ಟಬಲ್ಲಿರಿ ಎಂಬುದನ್ನು.

ಅದಕ್ಕೆ ಬೇಕಾದ್ದು ಸಣ್ಣಪುಟ್ಟ ಸಂಗತಿಗಳು. ಪಾಸ್‌ಪೋರ್ಟು, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಮೂಲ ಅಂಕಪಟ್ಟಿಗಳು ನಿಮ್ಮ ಕೈಯಲ್ಲೇ ಇರಲಿ, ಬೀರುವಿನಲ್ಲಿ ಅಲ್ಲ. ಭಾಷೆ ಹೋಗುವ ಮೊದಲೇ ಕಲಿಯಿರಿ. ಕೆಲಸ ಸಿಗುವುದು, ಜನ ಸಿಗುವುದು ಅದರಿಂದಲೇ. ಟ್ರಾನ್ಸ್ ಮಕ್ಕಳಿಗೆ ಇದು ಇನ್ನೂ ಬಿಕ್ಕಟ್ಟು: ಅಂಕಪಟ್ಟಿಯಲ್ಲೊಂದು ಹೆಸರು, ಪಾಸ್‌ಪೋರ್ಟಿನಲ್ಲೊಂದು ಹೆಸರಿದ್ದರೆ ಒಂದೊಂದು ಕಚೇರಿಯಲ್ಲೂ ಅದನ್ನೇ ವಿವರಿಸಬೇಕಾಗುತ್ತದೆ. ನನಗೆ ಗೊತ್ತಿರುವ ಒಬ್ಬ ಹುಡುಗ ಹೆಸರು ಬದಲಾವಣೆಯ ಕಾಗದಕ್ಕೆ ಅಲೆದೇ ಒಂದು ವರ್ಷದ ಪ್ರವೇಶ ಕಳೆದುಕೊಂಡ. ಜರ್ಮನಿಯಲ್ಲಿ 2024ರ ನವೆಂಬರ್ 1ರಿಂದ ಹೆಸರು, ಲಿಂಗ ಬದಲಾಯಿಸಿಕೊಳ್ಳಲು ಕೋರ್ಟು, ತಜ್ಞರ ವರದಿ ಬೇಕಿಲ್ಲ, ನೋಂದಣಿ ಕಚೇರಿಯಲ್ಲಿ ಘೋಷಿಸಿದರೆ ಸಾಕು ಎಂಬ ಕಾನೂನು ಬಂದಿದೆ. ಆದರೆ ಊರಿನ ಅಂಕಪಟ್ಟಿಯನ್ನು ಆ ಕಾನೂನು ತಿದ್ದುವುದಿಲ್ಲ.

ಆರೋಗ್ಯದ ವಿಷಯವನ್ನೂ ಹೇಳಬೇಕು. ಇಲ್ಲಿಯ ಆರೋಗ್ಯ ಇಲಾಖೆಯಲ್ಲಿ ಹೆಸರು ಹೇಳದೆ ಎಚ್‌ಐವಿ ಪರೀಕ್ಷೆ ಮಾಡಿಸಬಹುದು. ಸೋಂಕು ತಗಲದಂತೆ ಮೊದಲೇ ತೆಗೆದುಕೊಳ್ಳುವ ಪ್ರೆಪ್ ಮಾತ್ರೆಯನ್ನು 2019ರ ಸೆಪ್ಟೆಂಬರ್‌ನಿಂದ ಸಾರ್ವಜನಿಕ ಆರೋಗ್ಯ ವಿಮೆಯೇ ಭರಿಸುತ್ತದೆ. ನಮ್ಮ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಎಂಬ ಎಚ್‌ಐವಿ ಸಲಹೆ-ಪರೀಕ್ಷಾ ಕೇಂದ್ರದಲ್ಲೂ ಪರೀಕ್ಷೆ ಉಚಿತ, ಗುಟ್ಟು ಕಾಯುವ ನಿಯಮವೂ ಇದೆ. ಆದರೆ ಅಲ್ಲಿ ಬೆಂಚಿನ ಮೇಲೆ ಕೂತಾಗ ಸೋದರಮಾವನ ಗೆಳೆಯ ಎದುರಿಗೆ ಬಂದರೆ ಯಾವ ನಿಯಮ ಏನು ಮಾಡೀತು? ಮನಸ್ಸು ತೀರಾ ಕುಗ್ಗಿದವರು ಊರಲ್ಲಿದ್ದರೆ ಟೆಲಿ-ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಜೋಡಿಯಾಗಿ ಹೊರಡುವ ಕನಸಿದ್ದರೆ ಒಂದು ಎಚ್ಚರ. ಭಾರತದಲ್ಲಿ ನಿಮ್ಮ ಮದುವೆ ನೋಂದಣಿಯಾಗುವುದಿಲ್ಲವಾದ್ದರಿಂದ, ಒಬ್ಬರಿಗೆ ಸೀಟು ಸಿಕ್ಕರೆ ಇನ್ನೊಬ್ಬರಿಗೆ ‘ಗಂಡ’ ಅಥವಾ ‘ಹೆಂಡತಿ’ ಎಂಬ ವೀಸಾ ಸಿಗುವ ದಾರಿ ಊರಿನಿಂದ ಇಲ್ಲ. ಕಾಗದಪತ್ರದ ಗೋಜಲು ಕಡಿಮೆ ಎಂದು ಇಲ್ಲಿಯ ಎಷ್ಟೋ ವಿದೇಶಿ ಜೋಡಿಗಳು ಡೆನ್ಮಾರ್ಕಿಗೆ ಹೋಗಿ ಮದುವೆಯಾಗಿ ಬರುತ್ತವೆ. 1989ರಲ್ಲಿ, ಜಗತ್ತಿನಲ್ಲೇ ಮೊದಲು, ಸಲಿಂಗಿ ಜೋಡಿಗಳನ್ನು ಕಾನೂನಿನ ಪುಸ್ತಕಕ್ಕೆ ಸೇರಿಸಿದ ದೇಶ ಅದು. ಹೀಗೆ ಇಬ್ಬರೂ ಬೇರೆಬೇರೆ ವಿದ್ಯಾರ್ಥಿಗಳಾಗಿ ಬಂದು, ಕೊನೆಗೆ ಒಂದೇ ಊರಿಗೆ ಸೇರಿಕೊಂಡವರು ನನಗೆ ಗೊತ್ತು. ನನಗೆ ಸದ್ಯ ಅಂಥ ಅವಸರವಿಲ್ಲ.

ಸಂಬಳ ಬರಲು ಶುರುವಾಗಿ ಕೆಲವು ತಿಂಗಳಿಗೆ ಅಕ್ಕನಿಗೆ ಹೇಳಿದೆ. ಅವಳು ತುಮಕೂರಿನಲ್ಲಿರುವುದು. ವಿಡಿಯೋ ಕಾಲ್ ಬೇಡ, ಮುಖ ನೋಡಿಕೊಂಡು ಹೇಳಲಾರೆ ಅಂದು ಬರಿ ಫೋನ್ ಮಾಡಿದೆ. ಎಷ್ಟು ಕಷ್ಟಪಟ್ಟೆನೆಂದರೆ, ಎರಡು ವಾಕ್ಯ ಹೇಳುವಷ್ಟರಲ್ಲಿ ಬಾಯಿ ಒಣಗಿ ಹೋಗಿತ್ತು. ಆ ಕಡೆ ಕುಕ್ಕರ್ ಕೂಗುತ್ತಿತ್ತು, ಅವಳು ಅದನ್ನು ಇಳಿಸಲಿಲ್ಲ.

“ಅದಕ್ಕೇನೋ ಅಷ್ಟು ದೂರ ಹೋಗಿದ್ದು?” ಅಂದಳು.

“ಓದೋಕೂ ಬಂದೆ ಅಕ್ಕ.”

“ಓದೋಕೆ ಅಂತ ನನಗೆ ಗೊತ್ತು. ನಾನು ಕೇಳಿದ್ದು ಇನ್ನೊಂದು.” ಸ್ವಲ್ಪ ಹೊತ್ತು ಬಿಟ್ಟು, “ಪಿಯು ಓದೋವಾಗ ಭಾನುವಾರ ಫೋನ್ ಮಾಡಿದ್ರೆ ಬರೀ ‘ಹ್ಞೂಂ’, ‘ಆಯ್ತು’ ಅಂತಿದ್ದೆ. ಓದಿನ ಟೆನ್ಷನ್ ಅಂತ ಅಮ್ಮಂಗೆ ನಾನೇ ಸಮಾಧಾನ ಹೇಳ್ತಿದ್ದೆ ಕಣೋ” ಅಂದಳು. ಆಮೇಲೆ ಅತ್ತಳು. ಅವಳು ಅತ್ತದ್ದು ನಾನು ಗೇ ಎಂಬುದಕ್ಕೆ ಅಲ್ಲ, ಆ ಎರಡು ವರ್ಷ ನಾನೊಬ್ಬನೇ ಇದ್ದೆ ಎಂಬುದಕ್ಕೆ ಅಂತ ಮುಂದಿನ ವಾರ ಅವಳೇ ಮೆಸೇಜಿನಲ್ಲಿ ಬರೆದಳು. ಅದಾದ ಮೇಲೆ ಎಲ್ಲವೂ ಸಲೀಸಾಗಿ ಹೋಯಿತೆಂದೇನಲ್ಲ. ಒಂದಷ್ಟು ದಿನ ಅವಳು ಏನೇನೋ ಲಿಂಕುಗಳನ್ನು ಕಳಿಸಿ ಇದು ಸರಿಯಾ, ಅದು ಸರಿಯಾ ಎಂದು ಕೇಳಿದಳು. ಕೆಲವು ಪ್ರಶ್ನೆ ನೋವಾಗುವಂಥವು. ನಾನು ಒಂದೊಂದಕ್ಕೂ ಉತ್ತರ ಬರೆದೆ. ಅವಳ ಮನೆಯಲ್ಲಿ, ಅವಳು ಹಾಕುವ ಊಟಕ್ಕೆ ಕಾದಿದ್ದರೆ ನನ್ನಿಂದ ಅಷ್ಟು ತಾಳ್ಮೆಯ ಉತ್ತರ ಬರುತ್ತಿರಲಿಲ್ಲ.

ಅಪ್ಪ-ಅಮ್ಮನಿಗೆ ಇನ್ನೂ ಹೇಳಿಲ್ಲ. ನೀನೇ ಹೇಳಿಬಿಡೇ ಎಂದು ಅಕ್ಕನನ್ನು ಕೇಳಿದೆ, ಅವಳು ಖಂಡಿತ ಆಗಲ್ಲ ಅಂದಳು. “ಅಪ್ಪ ಅಟ್ಟ ಖಾಲಿ ಮಾಡಿ ಕಳಿಸಿದ್ದು ನಿನ್ನನ್ನ. ನೀನೇ ಬಂದು ಎದುರಿಗೆ ಕೂತು ಹೇಳು. ಪಕ್ಕದಲ್ಲಿ ನಾನಿರ್ತೀನಿ.” ಅವಳ ಮಾತು ನನಗೂ ಸರಿ ಅನಿಸಿದೆ. ಇಲ್ಲಿಯ ಸೆಮಿಸ್ಟರ್ ರಜೆ ಗೌರಿ ಹಬ್ಬದ ಸುಮಾರಿಗೇ ಬರುತ್ತದೆ. ಪರೀಕ್ಷೆಯ ದಿನಾಂಕಗಳು ಗೊತ್ತಾದ ಕೂಡಲೇ ಟಿಕೆಟ್ ತೆಗೆಯಬೇಕು. ಶಿಕ್ಷಣ ಸಾಲದ ಬಡ್ಡಿಯನ್ನು ಈಗ ತಿಂಗಳು ತಿಂಗಳು ನಾನೇ ಕಳಿಸುತ್ತಿದ್ದೇನೆ, ಕೆಲವು ತಿಂಗಳು ಅದಕ್ಕಿಂತ ತುಸು ಹೆಚ್ಚೂ ಕಳಿಸುತ್ತೇನೆ.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ನನ್ನ ಅಪ್ಪಣೆ ಕೇಳಿಯೇ ಭಾವನಿಗೆ ಹೇಳಿದಳಂತೆ. ಏನಂದರು ಎಂದು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನೆ ಕೂತಿದ್ದು, ಕೊನೆಗೆ ಅಂದದ್ದು ಇಷ್ಟಂತೆ: “ಕಾಯಿ ಕೀಳಿಸೋ ದಿನ ಹೇಳೋದು ಬೇಡ ಅನ್ನು. ಅವತ್ತು ಮಾವನ ತಲೆ ಬಿಸಿ ಆಗಿರುತ್ತೆ. ಮಾರನೇ ದಿನ ಬೆಳಿಗ್ಗೆ ಹೇಳ್ಲಿ, ನಾನೂ ರಜಾ ಹಾಕಿ ಬರ್ತೀನಿ.”